ಡಬ್ಬ ಹೆಚ್ಚಾಗೈತೆ ಕಣಮ್ಮಾ

ನಮ್ಮ ಆಫೀಸಿನಲ್ಲಿ ದೆವ್ವ ಇಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಚಳ್ಳಕೆರೆಯಲ್ಲಿ ನಾನು ಎಲ್ಲಿ ಕೆಲಸ ಮಾಡ್ತೀನಿ ಅಂತ ಹೇಳಿದ ಕೂಡಲೇ ಜನ, “ಓ, ಆ ದೆವ್ವದ ಆಫೀಸಾ?” ಅಂತಾರೆ. ದೆವ್ವ ಇಲ್ಲ ಕಣ್ರೀ. ಇದ್ದಿದ್ದರೆ ನಮ್ಮ ಸಾಹೇಬರು ಅದಕ್ಕೂ ಒಂದು ಕುರ್ಚಿ ಹಾಕಿ ಕೆಲಸಕ್ಕೆ ಹಚ್ಚಿರೋರು. ಆದರೆ ಮೈ ಜುಂ ಅನ್ನೋ ಪ್ರಸಂಗಗಳು ಮಾತ್ರ ಆಗ್ತಾನೇ ಇರ್ತವೆ. ಆಗ ಹೆದರ್ತೀವಿ, ಆಮೇಲೆ ನಗ್ತೀವಿ, ಮತ್ತೆ ಆ ಕಡೆ ಒಬ್ಬರೇ ಹೋಗೋಕೆ ಹಿಂದೆಮುಂದೆ ನೋಡ್ತೀವಿ.

ಕೆಳಗಡೆ ಶೇಂಗಾ ಎಣ್ಣೆ ಮಿಲ್ಲು, ಮೇಲಿನ ಒಂದು ಕೋಣೆಯಲ್ಲಿ ನಾವು ಮೂವರು. ಒಬ್ಬರು ಸಾಹೇಬರು. ಇನ್ನೊಬ್ಬರು ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಬರೋ ಅಣ್ಣ, ನನಗಿಂತ ದೊಡ್ಡವರು, ಅದಕ್ಕೇ ಅಣ್ಣ. ಮೂರನೆಯವಳು ನಾನು. ಸುತ್ತಮುತ್ತಲ ಸ್ಟುಡಿಯೋಗಳವರು ತೆಗೆದ ಫೋಟೋ, ಮದುವೆ ವಿಡಿಯೋ ಎಲ್ಲಾ ಕ್ಲೌಡ್‌ನಲ್ಲಿ ಜೋಪಾನ ಮಾಡೋದು ನಮ್ಮ ಕೆಲಸ. ಒಂದೊಂದು ಸ್ಟುಡಿಯೋಗೆ ಒಂದೊಂದು ಕಂಟೇನರ್. ಕಂಟೇನರ್ ಅಂದರೆ ಜನ ಲಾರಿ ಮೇಲಿನ ಪೆಟ್ಟಿಗೆ ಅಂದುಕೊಳ್ತಾರೆ, ಅದಕ್ಕೆ ನಾವು ‘ಡಬ್ಬ’ ಅಂತೀವಿ.

ಡಬ್ಬಗಳು ನಮ್ಮ ಹತ್ತಿರ ಇಲ್ಲ. ಎಲ್ಲೋ ದೂರದಲ್ಲಿ ಇವೆ, ನಾವು ಯಾರೂ ಕಣ್ಣಾರೆ ನೋಡಿಲ್ಲ. ಇಲ್ಲಿಂದ ಒಂದು ಸಾಲಿನ ಅಪ್ಪಣೆ ಟೈಪ್ ಮಾಡಿ ಕಳಿಸಬೇಕು: ಈ ಹೆಸರಿನ ಡಬ್ಬ ಮಾಡು, ಈ ಡಬ್ಬದಲ್ಲಿ ಏನೇನಿದೆ ಹೇಳು, ಈ ಡಬ್ಬ ತೆಗೆದುಹಾಕು. ಆ ಕಡೆಯಿಂದ ಒಂದು ನಂಬರು, ಒಂದು ಮಾತು ವಾಪಸ್ ಬರುತ್ತೆ. ವೆಬ್ ಎಪಿಐ ಅಂತ ಇದರ ಹೆಸರು. ಹೋಟೆಲಿನ ಕಿಂಡಿ ಇದ್ದಂಗೆ. ನಾವು ಈ ಕಡೆಯಿಂದ ಕೂಗ್ತೀವಿ, ಒಳಗಿನಿಂದ ತಟ್ಟೆ ಬರುತ್ತೆ. ಒಳಗಿರೋ ಅಡುಗೆಯವರ ಮುಖ ಮಾತ್ರ ಕಾಣಲ್ಲ.

೧. ಬಳ್ಳಾರಿ ಕಡೆ ಸುರಿದರೆ?

ಒಂದು ಸಲ ನಾಯಕನಹಟ್ಟಿ ಕಡೆಯ ಕುರಿ ಸಾಕೋ ಯಜಮಾನರೊಬ್ಬರು ಮೆಟ್ಟಿಲು ಹತ್ತಿ ಬಂದರು. ಹೆಗಲ ಮೇಲೆ ಕಂಬಳಿ. ಮಗನ ಮದುವೆ ವಿಡಿಯೋ ನಮ್ಮ ಹತ್ತಿರ ಐತೆ ಅಂತ ಸ್ಟುಡಿಯೋದವರು ಹೇಳಿದ್ದರಂತೆ. ಕೋಣೆಯ ನಾಲ್ಕೂ ಮೂಲೆ ನೋಡಿದರು. ಮೂರು ಕಂಪ್ಯೂಟರ್, ಒಂದು ನೀರಿನ ಕೊಡ, ಅಷ್ಟೇ.

“ಎಲ್ಲೈತವ್ವಾ ನಮ್ಮ ಹುಡುಗನ ಮದುವೆ?”

“ಕ್ಲೌಡ್‌ನಾಗೆ ಐತೆ ಅಜ್ಜಾ.”

“ಹಂಗಂದ್ರೆ?”

ನಮ್ಮ ಸಾಹೇಬರಿಗೆ ಇಂಥಾ ಹೊತ್ತಲ್ಲೇ ಕನ್ನಡಾಭಿಮಾನ ಉಕ್ಕೋದು. “ಮೋಡ ಯಜಮಾನ್ರೇ, ಮೋಡ! ನಿಮ್ಮ ಮದುವೇನ ಮೋಡದಾಗೆ ಇಟ್ಟೀವಿ” ಅಂದರು.

ಅಜ್ಜ ಕಿಟಕಿ ಹತ್ತಿರ ಹೋದರು. ಬಗ್ಗಿ ಆಕಾಶ ನೋಡಿದರು. ಬಿಸಿಲು ಸುರೀತಾ ಇತ್ತು, ಒಂದು ಎಳೆ ಬಿಳಿ ಕೂಡ ಇರಲಿಲ್ಲ. ಅವರು ಅಷ್ಟು ಹೊತ್ತು ಹಂಗೇ ನಿಂತಿದ್ದು ನೋಡಿ ನಾನೂ ಎದ್ದು ಹೋಗಿ ಅವರ ಪಕ್ಕ ನಿಂತು ಮೇಲೆ ನೋಡಿದೆ. ಅಣ್ಣನೂ ಬಂದು ನೋಡಿದರು. ಮೂವರೂ ಖಾಲಿ ಆಕಾಶದಲ್ಲಿ ಒಂದು ಮದುವೆ ಹುಡುಕ್ತಾ ನಿಂತಿದ್ವಿ.

ಕೊನೆಗೆ ಅಜ್ಜ ಕಂಬಳಿ ಸರಿಮಾಡಿಕೊಂಡು ಅಂದರು: “ನಮ್ಮ ಕಡೆ ಮೋಡ ಬರೋದೇ ದಾರಿ ತಪ್ಪಿ. ಬಂದದ್ದೂ ನಿಲ್ಲಲ್ಲ. ನಾಳೆ ನಮ್ಮ ಹುಡುಗನ ಮದುವೆ ಹೋಗಿ ಬಳ್ಳಾರಿ ಕಡೆ ಸುರಿದ್ಬಿಟ್ರೆ ನಾನು ಯಾರನ್ನ ಕೇಳ್ಲಿ?”

೨. ಮಂಗಳವಾರ ಬೇಡ

ಮೊಳಕಾಲ್ಮೂರಿನ ಅಣ್ಣನಿಗೆ ಆ ಕಡೆಯಿಂದ ಬರೋ ನಂಬರುಗಳು ಬರೀ ನಂಬರುಗಳಲ್ಲ, ಶಕುನ. ಡಬ್ಬ ಹೊಸದಾಗಿ ಆಯ್ತು ಅಂತ ಬಂದರೆ, “ಹುಟ್ತು!” ಅಂತಾರೆ. ಹುಡುಕಿದ್ದು ಸಿಗಲಿಲ್ಲ ಅಂತ ಬಂದರೆ ತಲೆ ಅಲ್ಲಾಡಿಸಿ, “ಲೇದು. ಎಲ್ಲೂ ಲೇದು” ಅಂತಾರೆ. ಊರು ಆಂಧ್ರದ ಗಡಿಯಲ್ಲಿ ಇರೋದರಿಂದ ಅವರಿಗೆ ಎರಡೂ ಭಾಷೆ ಸಲೀಸು. ಧೈರ್ಯ ಇದ್ದಾಗ ಕನ್ನಡ, ಹೆದರಿದಾಗ ತೆಲುಗು.

ಡಬ್ಬ ತೆಗೆದುಹಾಕೋ ಕೆಲಸ ಬಂತು ಅಂದ್ರೆ ಅವರಿಗೆ ಪಂಚಾಂಗ ನೆನಪಾಗುತ್ತೆ. ಒಂದು ಸಲ ಸಾಹೇಬರ ಬಲವಂತಕ್ಕೆ ಮಂಗಳವಾರ ಒಂದು ಖಾಲಿ ಡಬ್ಬ ತೆಗೆದರು. ಅವರು ಬೆರಳು ಎತ್ತೋದಕ್ಕೂ ಕೆಳಗೆ ಮಿಲ್ಲಿನ ಮೋಟರ್ ಢಂ ಅಂತ ಸುಟ್ಟುಹೋಗೋದಕ್ಕೂ ಸರಿಹೋಯ್ತು. ಹೊಗೆ ಮೆಟ್ಟಿಲು ಹತ್ತಿ ನಮ್ಮ ಬಾಗಿಲಲ್ಲಿ ಬಂದು ನಿಂತಿತ್ತು. ಅಣ್ಣ ಎದ್ದು ನಿಂತು ಕಂಪ್ಯೂಟರಿಗೆ ಕೈ ಮುಗಿದರು. ನನಗೆ ನಗು ಬಂತು, ನಗೋಕೆ ಮಾತ್ರ ಧೈರ್ಯ ಬರಲಿಲ್ಲ.

ಹಿಂಗಿರುವಾಗ ಸಾಹೇಬರು ಹೊಸ ಅಪ್ಪಣೆ ಹೊರಡಿಸಿದರು. ಯಾರೂ ಬಳಸದೆ ಬಿದ್ದಿರೋ ಖಾಲಿ ಡಬ್ಬ ಎಲ್ಲಾ ಈ ತಿಂಗಳು ಮುಗಿಯೋದರೊಳಗೆ ತೆಗೀಬೇಕು. ತೆಗೆದದ್ದು ವಾಪಸ್ ಬರಲ್ಲ, ನೋಡಿಕೊಂಡು ಮಾಡಿ ಅಂದರು.

“ಇವತ್ತೇ ಶುರು ಮಾಡು.”

“ಇವತ್ತು ಮಂಗಳವಾರ ಸಾರ್. ಮನೆಯಿಂದ ಏನೂ ಆಚೆ ಹಾಕಬಾರ್ದು.”

“ಹಂಗಾದ್ರೆ ನಾಳೆ.”

“ಬುಧವಾರ ನಾನು ಹುಟ್ಟಿದ ವಾರ ಸಾರ್.”

“ಗುರುವಾರ?”

“ಗುರುಗಳ ವಾರ. ಶುಕ್ರವಾರ ಲಕ್ಷ್ಮಿ. ಶನಿವಾರ ಕೇಳ್ಲೇಬೇಡಿ. ಸೋಮವಾರ ಮನೆದೇವ್ರು.”

“ಇನ್ಯಾವತ್ತು ಮಾಡ್ತೀಯೋ ಮಾರಾಯ?”

“ಭಾನುವಾರ ಸಾರ್.”

“ಲೇ, ಭಾನುವಾರ ಆಫೀಸಿಗೆ ರಜ!”

“ಅದಕ್ಕೇ ಸಾರ್. ಯಾರಿಗೂ ತೊಂದ್ರೆ ಇಲ್ಲ.”

೩. ಹೆಚ್ಚಾಗೈತೆ

ಆ ವಾರದಲ್ಲೇ ದೇವಸಮುದ್ರದಿಂದ ಒಬ್ಬ ಅಕ್ಕ ಫೋನ್ ಮಾಡಿದರು. ಅವರ ಯಜಮಾನರು ಅಲ್ಲಿ ‘ನಗುಮುಖ ಫೋಟೋಸ್’ ಅಂತ ಸ್ಟುಡಿಯೋ ಇಟ್ಟಿದ್ದರು. ಹೋದ ವರ್ಷ ತೀರಿಕೊಂಡರು. ಸ್ಟುಡಿಯೋಗೆ ಬೀಗ ಬಿತ್ತು. ಡಬ್ಬ ಮಾತ್ರ ನಮ್ಮ ಹತ್ತಿರ ಹಂಗೇ ಇತ್ತು.

“ಬರೋ ವಾರ ನಮ್ಮನೇರ ವರ್ಷದ ಪೂಜೆ ಕಣಮ್ಮಾ. ಪೂಜೆಗೆ ಇಡಾಕೆ ಒಂದು ಫೋಟೋ ಇಲ್ಲ. ಸುತ್ತ ಹಳ್ಳಿಯೋರದೆಲ್ಲ ತೆಗೆದ್ರು, ತಮ್ಮದೊಂದು ತೆಗೆಸ್ಕಳಲಿಲ್ಲ. ‘ತೆಗಿಯೋನು ನಾನೇ ಆದ್ರೆ ಎದುರಿಗೆ ನಿಲ್ಲೋನು ಯಾರೇ?’ ಅನ್ನೋರು. ರೇಷನ್ ಕಾರ್ಡಾಗೆ ಒಂದೈತೆ, ನೋಡಿದ್ರೆ ಯಾರೋ ಕಳ್ಳನ್ನ ಹಿಡ್ಕಂಬಂದಂಗೈತೆ. ನಮ್ಮ ಮದುವೆ ಆಲ್ಬಮ್ಮು ಗೆದ್ದಲು ತಿಂತು.”

ಮೂಗು ಒರೆಸಿಕೊಂಡು ಮತ್ತೆ ಶುರು ಮಾಡಿದರು.

“ಡಬ್ಬದಾಗೆ ಒಂದಾದ್ರೂ ಇರತೈತಲ್ಲ ಅಂತ ಫೋನಾಗೆ ಅವರ ಸ್ಟುಡಿಯೋ ಹೆಸರು ಬರೆದು ತೆರೆದೆ. ನೋಡಿದ್ರೆ ಡಬ್ಬ ಹೆಚ್ಚಾಗೈತೆ ಕಣಮ್ಮಾ.”

ಹೆಚ್ಚಾಗಿದೆಯಾ? ಎಲ್ಲಾ ಡಬ್ಬಗಳನ್ನೂ ಸಾಲಾಗಿ ತೋರಿಸು ಅಂತ ಅಪ್ಪಣೆ ಕಳಿಸಿದೆ. ‘ನಗುಮುಖ ಫೋಟೋಸ್’ ಬಂತು, ಪಕ್ಕದಲ್ಲಿ ಒಳಗೆ ಎಷ್ಟು ಫೈಲುಗಳಿವೆ ಅನ್ನೋ ನಂಬರು. ಮಧ್ಯಾಹ್ನ ಮತ್ತೆ ನೋಡಿದೆ. ನಂಬರು ದೊಡ್ಡದಾಗಿತ್ತು. ಸತ್ತವರ ಡಬ್ಬ ನಿಜವಾಗ್ಲೂ ಬೆಳೀತಾ ಇತ್ತು.

ಆದರೂ ಆ ಅಕ್ಕನಿಗೆ ಧೈರ್ಯ ತುಂಬೋಣ ಅಂತ ಫೋನ್ ಮಾಡಿ ಅಂದೆ: “ಹೌದಕ್ಕಾ, ಹೆಚ್ಚಾಗೈತೆ. ನಾನೇ ನೋಡ್ದೆ. ದಿನಾ ಹೆಚ್ಚಾಗ್ತಾನೇ ಐತೆ.”

ಆ ಕಡೆ ಅಳು. “ಅಯ್ಯೋ ಶಿವನೇ, ಎಲ್ಲಾನೂ ಹೆಚ್ಚಾಗೋಯ್ತಾ?”

“ಇನ್ನೂ ಇಲ್ಲಕ್ಕಾ, ಆದ್ರೆ ನೀವೇನೂ ಯೋಚ್ನೆ ಮಾಡಬೇಡಿ. ಹಿಂಗೇ ಹೋದ್ರೆ ಬರೋ ತಿಂಗಳಿಗೆ ಇನ್ನೂ ಹೆಚ್ಚಾಗತೈತೆ!”

ಫೋನ್ ಕಟ್ ಆಯ್ತು.

ಸಂಜೆ ನಮ್ಮೂರು ನನ್ನಿವಾಳಕ್ಕೆ ಬಂದು ಚಪ್ಪಲಿ ಬಿಡ್ತಿದ್ದಂಗೇ ಅವ್ವ ಒಳಗಿನಿಂದ ಕೂಗಿದಳು: “ಕುಂಕುಮ ತಂದ್ಯೇನೇ? ಹೆಚ್ಚಾಗೈತೆ ಅಂತ ಬೆಳಿಗ್ಗೆ ಬಡ್ಕಂಡಿದ್ನಲ್ಲ.”

ನಾನು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹಂಗೇ ನಿಂತೆ. “ಅವ್ವಾ, ಹೆಚ್ಚಾಗೈತೆ ಅಂದ್ರೆ?”

“ಮುಗಿದೈತೆ ಅಂತ! ಮನೇಲಿ ಕುಂಕುಮ ಖಾಲಿ ಅಂತ ಯಾರಾದ್ರೂ ಅಂತಾರೇನೇ? ಬಳೆ ಒಡೆದ್ರೆ ಹೆಚ್ಚಾದ್ವು ಅನ್ನಲ್ವಾ? ಹಂಗೇ. ಖಾಲಿ ಅನ್ನೋ ಮಾತು ಬಾಯಾಗೆ ಬರಬಾರ್ದು ಅಂತ ತಿರುಗಿಸಿ ಅನ್ನೋದು. ಹುಟ್ಟಿದಾಗಿಂದ ಕೇಳೀಯ, ಆ ಕಂಪ್ಯೂಟರ್ ಮುಂದೆ ಕುಂತು ಎಲ್ಲಾ ಮರೆತ್ಯಾ?”

ನಡೆದದ್ದು ಹೇಳಿದೆ. ಅವ್ವ ಒಲೆ ಮೇಲಿನ ಸಾರು ಮರೆತು ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. “ಅಯ್ಯೋ ಪಾಪಿ! ಆ ಹೆಣ್ಮಗಳಿಗೆ, ಗಂಡ ಒಂದ್ಸಲ ಹೋಗಿದ್ದು ಸಾಲದು ಅಂತ, ದಿನಾ ಹೋಗ್ತಾವ್ನೆ ಅಂದಂಗಾಯ್ತಲ್ಲೇ!”

ನಾನು ತಕ್ಷಣ ಅಕ್ಕನಿಗೆ ಫೋನ್ ಹಚ್ಚಿದೆ. “ಅಕ್ಕಾ, ನನ್ನ ಬಾಯಿಗೆ ಮಣ್ಣು ಹಾಕ. ಡಬ್ಬ ಖಾಲಿ ಆಗಿಲ್ಲ. ನಿಜವಾಗ್ಲೂ ಹೆಚ್ಚಾಗ್ತಾ ಐತೆ. ಅಂದ್ರೆ ಜಾಸ್ತಿ ಆಗ್ತಾ ಐತೆ. ಹೊಸಾ ಫೋಟೋ ಬಂದು ಬೀಳ್ತಾವೆ.”

ಅಕ್ಕ ಮೆಲ್ಲಗೆ ಕೇಳಿದರು: “ಯಾರು ಹಾಕ್ತಾವ್ರೆ ಕಣಮ್ಮಾ? ಸ್ಟುಡಿಯೋ ಬೀಗದ ಕೈ ನನ್ನ ಸೊಂಟದಾಗೈತೆ.”

ಈ ಸಲ ಫೋನ್ ಕಟ್ ಮಾಡಿದವಳು ನಾನು.

೪. ಕಾಣದ ಬಾಲ

ಮಾರನೇ ದಿನ ಶುಕ್ರವಾರ. ಬಂದವಳೇ ಕೂತು ‘ನಗುಮುಖ ಫೋಟೋಸ್’ ಅಂತ ಟೈಪ್ ಮಾಡಿ, ಒಳಗೆ ಏನೇನಿದೆ ತೋರಿಸು ಅಂತ ಕಳಿಸಿದೆ. ಏನೂ ಇಲ್ಲ. ಖಾಲಿ. ಅಕ್ಕ ಹೇಳಿದ್ದೇ ಸರಿ. ಮತ್ತೆ ಕಳಿಸಿದೆ. ಮತ್ತೆ ಖಾಲಿ. ಹಂಗಾದ್ರೆ ನಿನ್ನೆ ನೋಡಿದ ನಂಬರು?

ಹಿಂದಿನಿಂದ ಬಗ್ಗಿ ನೋಡ್ತಿದ್ದ ಸಾಹೇಬರು ಖುಷಿಯಾದರು. “ಖಾಲಿ ಐತಲ್ಲ! ನೀವಿಬ್ರೂ ಪಂಚಾಂಗ ನೋಡ್ತಾ ಕುಂತ್ರೆ ತಿಂಗಳು ಮುಗೀತದೆ. ತಡಿ, ನಾನೇ ತೆಗೀತೀನಿ.”

“ಸಾರ್, ಬೇಡಿ, ಒಂದ್ನಿಮಿಷ...”

ನಾನು ಹೇಳೋದರೊಳಗೆ ಅವರು ತಮ್ಮ ಕಂಪ್ಯೂಟರಿನಲ್ಲಿ ಡಬ್ಬಗಳ ಸಾಲಿನಿಂದ ಆ ಹೆಸರು ಎತ್ತಿ ಅಂಟಿಸಿ, ತೆಗೆದುಹಾಕು ಅಂತ ಕಳಿಸಿಯೇಬಿಟ್ಟರು. ಆ ಅಕ್ಕನ ಗಂಡನ ಮುಖ ಇದ್ದರೆ ಅಲ್ಲೇ ಇರಬೇಕು, ಬೇರೆಲ್ಲೂ ಇಲ್ಲ.

ಉತ್ತರ ಬಂತು: ಆಗಲ್ಲ. ಡಬ್ಬ ಖಾಲಿ ಇಲ್ಲ.

ಕಿಂಡಿಯಾಚೆಯವರದು ಒಂದು ಕಟ್ಟುನಿಟ್ಟು: ಒಳಗೆ ಒಂದೇ ಒಂದು ಫೈಲು ಇದ್ದರೂ ಡಬ್ಬ ತೆಗೆಯೋಕೆ ಬಿಡಲ್ಲ. ಅದಕ್ಕೆ ಆ ಹೊತ್ತು ನಾನು ಮನಸ್ಸಲ್ಲೇ ಕೈ ಮುಗಿದೆ.

ಸಾಹೇಬರು ನನ್ನ ಪರದೆ ನೋಡಿದರು, ತಮ್ಮ ಪರದೆ ನೋಡಿದರು. “ಖಾಲಿ ಅನ್ನೋದೂ ಇದೇ, ಖಾಲಿ ಇಲ್ಲ ಅನ್ನೋದೂ ಇದೇ. ಯಾರದಮ್ಮಾ ಈ ಡಬ್ಬ?”

“ದೇವಸಮುದ್ರದ ಸ್ಟುಡಿಯೋದವರದು ಸಾರ್. ಹೋದ ವರ್ಷ ತೀರ್ಕಂಡ್ರಲ್ಲ, ಅವರದು.”

ಸಾಹೇಬರು ಕೀಲಿಮಣೆ ಮೇಲಿಂದ ಕೈಯನ್ನ ನಿಧಾನಕ್ಕೆ ಹಿಂದಕ್ಕೆ ತಗೊಂಡರು. ಅಣ್ಣ ಗೋಡೆಗೆ ಅಂಟಿಕೊಂಡು, “ವದ್ದಮ್ಮಾ, ಮನಕೆಂದುಕು ಇದಂತಾ?” ಅಂದರು. ಬೇಡಮ್ಮಾ, ನಮಗ್ಯಾಕೆ ಇದೆಲ್ಲಾ ಅಂತ. ತೆಲುಗು ಬಂತು ಅಂದ್ರೆ ಅಣ್ಣನ ಧೈರ್ಯ ಮುಗೀತು ಅಂತಲೇ ಲೆಕ್ಕ.

ಗೋಡೆಯ ಹತ್ತಿರದಿಂದಲೇ ಅವರು ಇನ್ನೊಂದು ಮಾತು ಅಂದರು. “ಅಲ್ಲಿ ನೋಡಮ್ಮಾ. ಸಾಲಿನಲ್ಲಿ ಆ ಹೆಸರು ಜೋಡಿ ಕಾಣ್ತೈತೆ. ಒಂದು ಅವರು, ಇನ್ನೊಂದು ಅವರ ನೆರಳು.”

ಹೌದು, ಒಂದರ ಕೆಳಗೆ ಒಂದು, ಅದೇ ‘ನಗುಮುಖ ಫೋಟೋಸ್’. ಒಂದು ಹೆಸರಿಗೆ ಒಂದೇ ಡಬ್ಬ ಅನ್ನೋದು ನಿಯಮ. ಪರದೆ ತಪ್ಪಿ ಎರಡು ಸಲ ತೋರಿಸ್ತಿದೆ ಅಂತ ನಾನು ಅದರ ಕಡೆ ಗಮನ ಕೊಟ್ಟಿರಲಿಲ್ಲ. ಎರಡನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಒಂದು ಕೊಂಬು, ಒಂದು ದೀರ್ಘ ಹೆಚ್ಚುಕಮ್ಮಿ ಇಲ್ಲ.

ಆದರೆ ಅಪ್ಪಣೆ ಕಳಿಸುವಾಗ ಕನ್ನಡದ ಹೆಸರು ಕನ್ನಡದಲ್ಲೇ ಹೋಗಲ್ಲ. ಶೇಕಡಾ ಗುರುತು, ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲಾ ಸೇರಿದ ಉದ್ದನೆಯ ಸರಪಳಿಯಾಗಿ ಹೋಗುತ್ತೆ. ಎರಡೂ ಸರಪಳಿಗಳನ್ನು ಒಂದರ ಕೆಳಗೊಂದು ಇಟ್ಟೆ. ಕೊನೇವರೆಗೂ ಒಂದೇ ಥರ ಬಂದು, ಒಂದು ನಿಂತಿತು. ಇನ್ನೊಂದಕ್ಕೆ ಚಿಕ್ಕದೊಂದು ಬಾಲ ಇತ್ತು.

ಆಗ ಹೊಳೀತು. ‘ಫೋಟೋಸ್’ ಅನ್ನೋದು ಅರ್ಧ ಸಕಾರದಲ್ಲಿ ಮುಗಿಯುತ್ತೆ. ಸ್ಟುಡಿಯೋಗಳ ಕಂಪ್ಯೂಟರಿನ ಕನ್ನಡ ಟೈಪಿಂಗ್‌ನಲ್ಲಿ ಅಂಥಾ ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ತಾನಾಗೇ ಬಂದು ಕೂರುತ್ತೆ, ಮುಂದೆ ಬರೋ ಅಕ್ಷರ ಇದಕ್ಕೆ ಒತ್ತಾಗಿ ಅಂಟಿಕೊಳ್ಳದಿರಲಿ ಅಂತ. ನನ್ನ ಕೀಲಿಮಣೆಯಲ್ಲೂ ಅದು ಬರಲ್ಲ, ಅಕ್ಕನ ಫೋನಿನಲ್ಲೂ ಬರಲ್ಲ. ಯಜಮಾನರು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಮಾಡಿದ ಡಬ್ಬಕ್ಕೆ ಬಾಲ ಇತ್ತು. ನಮ್ಮ ಫೋನ್ ಆಪ್ ಮಾತ್ರ, ಬರೆದ ಹೆಸರಿನ ಡಬ್ಬ ಸಿಗದಿದ್ದರೆ ತಾನೇ ಹೊಸದೊಂದು ಮಾಡಿಬಿಡುತ್ತೆ. ಅಕ್ಕ ಫೋನಿನಲ್ಲಿ ಹೆಸರು ಬರೆದಾಗ ಬಾಲ ಇಲ್ಲದ ಹೊಸ ಡಬ್ಬವೇ ಹುಟ್ಟಿಕೊಂಡಿತ್ತು, ಖಾಲಿ. ಅವರು ನೋಡಿದ್ದೂ ಅದೇ, ನಾನು ಬೆಳಿಗ್ಗೆ ನೋಡಿದ್ದೂ ಅದೇ. ಸಾಹೇಬರು ಎತ್ತಿ ಅಂಟಿಸಿದ್ದು ಮಾತ್ರ ಬಾಲದ್ದು.

ಇದನ್ನೆಲ್ಲಾ ವಿವರಿಸಿದೆ. ಸಾಹೇಬರು ಹಣೆ ಒರೆಸಿಕೊಂಡರು. “ಕಾಣೋ ಅಕ್ಷರದಾಗೇ ನೀವಿಬ್ರೂ ದಿನಾ ನೂರೆಂಟು ತಪ್ಪು ಮಾಡ್ತೀರ. ಇನ್ನು ಕಾಣದ್ದು ಬೇರೆ ಬಂತಾ!”

೫. ಜಲಪಾತದ ಮುಂದೆ

ಬಾಲ ಹಚ್ಚಿ ನಿಜವಾದ ಡಬ್ಬ ತೆರೆದೆ. ರಾಶಿ ರಾಶಿ ಮದುವೆ, ಸೀಮಂತ, ಗೃಹಪ್ರವೇಶ. ಇವನ್ನೆಲ್ಲ ನೋಡೋಕೆ ಅಕ್ಕನ ಒಪ್ಪಿಗೆ ಇತ್ತು. ಆದರೆ ಮೊದಲು ಗೊತ್ತಾಗಬೇಕಿದ್ದದ್ದು, ಈಗ ಯಾರು ಹಾಕ್ತಿದ್ದಾರೆ ಅನ್ನೋದು. ಎಲ್ಲಕ್ಕಿಂತ ಹೊಸದಾಗಿ ಬಂದು ಬಿದ್ದಿದ್ದ ಫೋಟೋ ತೆರೆದೆ. ಹಿಂದಿನ ದಿನ ಮಧ್ಯಾಹ್ನದ್ದು.

ಕತ್ತಲು ಕೋಣೆ. ಹಿಂದೆ ಮಸುಕಾಗಿ ಒಂದು ಜಲಪಾತ. ಅದರ ಮುಂದೆ, ಗಾಳಿಯಲ್ಲಿ ತೇಲ್ತಾ ಇರೋ ಹಂಗೆ, ಬೆಳ್ಳಗೆ ಹೊಳೆಯೋ ಎರಡು ಕಣ್ಣು.

ಸಾಲಿನಲ್ಲಿ ಅದರ ಕೆಳಗಿನದು ತೆರೆದೆ. ಕಣ್ಣುಗಳು ಹತ್ತಿರ ಬಂದಿದ್ದವು. ಮೂರನೆಯದರಲ್ಲಿ ಒಂದೇ ಕಣ್ಣು, ಪರದೆ ತುಂಬಾ.

ಅಣ್ಣ ಯಾವಾಗ ಮೆಟ್ಟಿಲು ಇಳಿದರೋ ಗೊತ್ತಾಗಲಿಲ್ಲ. ಸಾಹೇಬರ ಧ್ವನಿ ಕೀರಲಾಗಿತ್ತು. “ತೆಗಿ! ಒಳಗಿರೋದೆಲ್ಲ ಅಳಿಸು, ಡಬ್ಬಾನೂ ತೆಗಿ. ಇಂಥದ್ದು ನಮ್ಮ ಆಫೀಸಿನಾಗೆ ಇರಬಾರ್ದು.”

ಕೆಳಗೆ ಮಿಲ್ಲಿನಿಂದ ಅಣ್ಣ ಕೂಗಿದ್ದು ಕೇಳಿಸ್ತು: “ಶುಕ್ರವಾರ ಸಾರ್! ಶುಕ್ರವಾರ!”

ನಾನೂ ಬಿಡಲಿಲ್ಲ. “ಆ ಅಕ್ಕನಿಗೆ ಒಂದು ಫೋಟೋ ಸಿಗೋವರೆಗೂ ಇದನ್ನ ಮುಟ್ಟೋಕೆ ಬಿಡಲ್ಲ ಸಾರ್. ನೀವೇನಾದ್ರೂ ಮಾಡ್ಕಳಿ” ಅಂದುಬಿಟ್ಟೆ. ಕೊನೆಗೆ ಸಾಹೇಬರು, “ನಾಳೆ ಸಂಜೆವರೆಗೆ ಟೈಮು. ಆಮೇಲೆ ನಾನೇ ಅಳಿಸ್ತೀನಿ” ಅಂದರು.

ಶನಿವಾರ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿದೆ. ಮೊಳಕಾಲ್ಮೂರಿನಲ್ಲಿ ಅಣ್ಣ ಹತ್ತಿಕೊಂಡರು. ಬರಲ್ಲ ಅಂತ ರಾತ್ರಿಯೆಲ್ಲ ಹೇಳಿದ್ದರಂತೆ, ಅತ್ತಿಗೆ ಬೈದು ಕಳಿಸಿದ್ದಳು. ದೇವಸಮುದ್ರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಕ್ಕ ಬೀಗದ ಕೈ ಹಿಡಿದು ಸ್ಟುಡಿಯೋ ಮುಂದೆ ಕಾಯ್ತಿದ್ದರು.

“ಒಳಗೆ ದೇವರ ಪಟದ ಮುಂದೆ ಕೆಂಪು ಬಲ್ಬು ಉರಿಯೋದು ಆರಬಾರ್ದು ಅಂತ ಮೇನ್ ಸ್ವಿಚ್ ತೆಗೆದಿಲ್ಲ ಕಣಮ್ಮಾ. ಅದು ಬಿಟ್ರೆ ಏನೂ ಮುಟ್ಟಿಲ್ಲ. ಒಳಗೆ ಹೋಗಾಕೆ ನನಗೆ ಮನಸ್ಸೇ ಬರಲಿಲ್ಲ.”

ಬೀಗಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಒಳಗಿನಿಂದ ಸದ್ದು. ಕರಂ, ಕರಂ. ಯಾರೋ ನಿಧಾನಕ್ಕೆ ಏನನ್ನೋ ಅಗೀತಾ ಇದ್ದರು.

ಅಕ್ಕ ನನ್ನ ಕೈ ಹಿಡಿದರು. “ನಮ್ಮನೇರು ಯಾವಾಗ್ಲೂ ಶೇಂಗಾ ಅಗಿಯೋರು” ಅಂದರು ಪಿಸುಮಾತಲ್ಲಿ. ಅಣ್ಣ ಗೊತ್ತಿದ್ದ ದೇವರನ್ನೆಲ್ಲ ತೆಲುಗಿನಲ್ಲಿ ಕರೀತಿದ್ದರು. ನಾನೇ ಬೀಗ ತೆಗೆದು ಬಾಗಿಲು ನೂಕಿದೆ.

ಕೆಂಪು ಬೆಳಕು. ಗೋಡೆಗೆ ತೂಗುಹಾಕಿದ್ದ, ಜಲಪಾತ ಬರೆದ ಬಟ್ಟೆಯ ಪರದೆ. ಅದರ ಮುಂದೆ ನೆಟ್ಟಗೆ ನಿಂತು, ಫೋಟೋಗೆ ಇಟ್ಟಿದ್ದ ಪ್ಲಾಸ್ಟಿಕ್ ಹೂವು ಅಗೀತಾ ಇತ್ತು, ಕೋಡು ಸುತ್ತಿದ ಒಂದು ಟಗರು.

ಹಿತ್ತಲ ಬಾಗಿಲ ಕೆಳಗಿನ ಹಲಗೆ ಕಿತ್ತುಹೋಗಿತ್ತು. ಮಧ್ಯಾಹ್ನದ ಬಿಸಿಲಿಗೆ ಅದು ದಿನಾ ಒಳಗೆ ಬರ್ತಿತ್ತು. ಕಳ್ಳರ ಭಯಕ್ಕೆ ಯಜಮಾನರು ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂಗೆ ತಗ್ಗಿನಲ್ಲಿ, ಒಂದು ಕ್ಯಾಮೆರಾ ಹಾಕಿದ್ದರು. ಏನಾದರೂ ಅಲ್ಲಾಡಿದರೆ ಕತ್ತಲಲ್ಲೂ ಫೋಟೋ ತೆಗೆದು ನೇರ ಡಬ್ಬಕ್ಕೆ ಕಳಿಸುತ್ತೆ. ಅದರ ಇಂಟರ್ನೆಟ್ಟಿಗೆ ವರ್ಷಕ್ಕಾಗುವಷ್ಟು ರೀಚಾರ್ಜು ಒಟ್ಟಿಗೇ ಮಾಡಿಸಿಟ್ಟಿದ್ದರು. ಅವರು ಹೋದರೂ ಕ್ಯಾಮೆರಾ ತನ್ನ ಕೆಲಸ ಬಿಟ್ಟಿರಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯವರು ಓಡಿಬಂದರು. ಟಗರು ಅವರದು. ಮಧ್ಯಾಹ್ನ ಎಲ್ಲಿ ಮಾಯ ಆಗುತ್ತೆ ಅಂತ ಊರೆಲ್ಲಾ ಹುಡುಕ್ತಿದ್ದರಂತೆ. ಅಣ್ಣನಿಗೆ ಕನ್ನಡ ವಾಪಸ್ ಬಂದಿತ್ತು. ಲ್ಯಾಪ್‌ಟಾಪ್ ತೆರೆದು ಒಂದೊಂದೇ ಫೋಟೋ ತೋರಿಸಿದರು. ಟಗರಿನವರು ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿ, “ಜಲಪಾತದ ಮುಂದೆ ಚೆನ್ನಾಗಿ ಬಂದೈತೆ. ಇದರದೊಂದು ದೊಡ್ಡದು ಮಾಡಿಸ್ಕೊಡ್ತೀರಾ?” ಅಂದರು.

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. “ಟಗರಿಗೆ ಇಷ್ಟು ಫೋಟೋ ಐತೆ” ಅಂದರು, “ನಮ್ಮನೇರಿಗೆ ಒಂದಿಲ್ಲ.”

೬. ಹಣೆ

ಅಲ್ಲೇ ಜಲಪಾತದ ಮುಂದೆ ಚಾಪೆ ಹಾಸಿಕೊಂಡು ಹುಡುಕೋಕೆ ಕೂತೆವು. ವಿಡಿಯೋ ಮೇಲೆ ವಿಡಿಯೋ ತೆರೆದ್ವಿ. ಊರಿನ ಗಂಡು, ಹೆಣ್ಣು, ಅತ್ತೆ, ಮಾವ ಎಲ್ಲಾ ಬಂದರು. ಯಜಮಾನರು ಮಾತ್ರ ಎಲ್ಲೂ ಇಲ್ಲ. ಆದರೆ ಅವರ ಧ್ವನಿ ಎಲ್ಲಾ ಕಡೆ ಇತ್ತು. ಕ್ಯಾಮೆರಾ ಹಿಂದಿನಿಂದ, “ನಗ್ರೀ ಯಜಮಾನ್ರೇ, ಹೆಣ್ಣು ಕೊಡ್ತಿರೋದು, ಹೊಲ ಬರೆದುಕೊಡ್ತಿಲ್ಲ!” ಇನ್ನೊಂದರಲ್ಲಿ, “ಏಯ್ ಮದುಮಗಾ, ಕತ್ತು ಎತ್ತೋ, ಆಮೇಲೆ ಹೆಂಗೂ ಬಗ್ಗಿಸ್ಕಂಡೇ ಇರ್ಬೇಕು!”

ಕತ್ತಲು ಕೋಣೆ, ಕೆಂಪು ಬೆಳಕು, ಸತ್ತವರ ಧ್ವನಿ. ನಾನು ಅಣ್ಣನ ಕಡೆಗೆ ಸರಿದು ಕೂತೆ. ಅಕ್ಕ ಮಾತ್ರ ಲ್ಯಾಪ್‌ಟಾಪಿಗೆ ಕಿವಿ ಹತ್ತಿರ ತಂದುಕೊಂಡು ಕೂತಿದ್ದರು. ಕಣ್ಣಲ್ಲಿ ನೀರು ಇಳೀತಿತ್ತು, ಒರೆಸಿಕೊಳ್ಳಲಿಲ್ಲ. “ಧ್ವನಿಗೆ ಹಾರ ಹಾಕಾಕೆ ಆಗಲ್ವಲ್ಲ ಕಣಮ್ಮಾ” ಅಂದರು.

ಸಾಹೇಬರ ಫೋನ್ ಬಂತು. “ಸಂಜೆ ಆಯ್ತು. ಸಿಕ್ತಾ ಇಲ್ವಾ?”

“ಇಲ್ಲ ಸಾರ್. ದೆವ್ವನೂ ಸಿಗಲಿಲ್ಲ. ಅದು ಟಗರು” ಅಂದೆ, ಸಿಟ್ಟಲ್ಲೇ.

“ಟಗರಾ?” ಸಾಹೇಬರು ಕೆಮ್ಮಿ, “ನಾನು ಅವಾಗಲೇ ಅಂದ್ಕಂಡೆ. ಕಣ್ಣು ನೋಡಿದ್ರೇ ಗೊತ್ತಾಗ್ತಿತ್ತು. ಇರ್ಲಿ ಬಿಡು, ಡಬ್ಬ ಅಲ್ಲೇ ಇರ್ಲಿ” ಅಂದರು.

ಡಬ್ಬವೇನೋ ಉಳೀತು. ಫೋಟೋ ಇನ್ನೂ ಇರಲಿಲ್ಲ. ಆಗ ಅಣ್ಣ, “ಕ್ಯಾಮೆರಾ ಗೋಡೆಗೆ ಹಚ್ಚಿದ್ದು ಯಾರು?” ಅಂತ ಕೇಳಿದರು.

“ಇವರೇ. ಬೇರೆಯೋರಿಗೆ ಯಾವತ್ತೂ ಬಿಟ್ಟೋರಲ್ಲ” ಅಂದರು ಅಕ್ಕ.

ಇಷ್ಟು ಹೊತ್ತೂ ಟಗರಿನ ಫೋಟೋಗಳನ್ನ ಪಕ್ಕಕ್ಕೆ ಸರಿಸಿ ಮದುವೆಗಳಲ್ಲೇ ಹುಡುಕ್ತಿದ್ವಿ. ಈಗ ಆ ಮೂಲೆಯ ಕ್ಯಾಮೆರಾ ಕಳಿಸಿದ್ದರಲ್ಲಿ ಎಲ್ಲಕ್ಕಿಂತ ಮೊದಲನೆಯದನ್ನ ತೆರೆದೆ. ಅಕ್ಕ ಕೂಗಿಕೊಂಡರು.

ಪೂಜೆಗೆ ನಾನು, ಅಣ್ಣ, ಸಾಹೇಬರು ಮೂವರೂ ಹೋದೆವು. ಮನೆ ತುಂಬಾ ನೆಂಟರು. ಒಳಗೆ ಕಾಲಿಟ್ಟವರೆಲ್ಲ ಪಟದ ಮುಂದೆ ಬಂದು ಥಟ್ಟನೆ ನಿಂತುಬಿಡ್ತಿದ್ದರು. ಎಷ್ಟು ಅಗಲ ಐತೋ ಅಷ್ಟೂ ತುಂಬಿಕೊಂಡು ಒಂದು ಮೂಗು. ಅದರ ಕೆಳಗೆ ಮೀಸೆ, ಮೀಸೆ ಕೆಳಗೆ ಹಲ್ಲಲ್ಲಿ ಕಚ್ಚಿದ ಸ್ಕ್ರೂಡ್ರೈವರ್. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಎದುರಿಗಿದ್ದವರನ್ನ ಇಣುಕಿ ನೋಡ್ತಾ ಇದ್ದರು ಯಜಮಾನರು. ಕ್ಯಾಮೆರಾ ಹಚ್ಚುವಾಗ ಇದು ಆನ್ ಆಯ್ತೋ ಇಲ್ಲವೋ ಅಂತ ಹತ್ತಿರ ಬಂದು ನೋಡಿದ್ದಾರೆ, ಅದು ತೆಗೆದುಬಿಟ್ಟಿದೆ. ಕೋಣೆಯ ಯಾವ ಮೂಲೆಗೆ ಹೋದರೂ ಆ ಒಂದು ಕಣ್ಣು ಹಿಂದೆ ಬರೋದು. ನಮ್ಮ ಸಾಹೇಬರು ಕಂಬದ ಮರೆಗೆ ಹೋಗಿ ಕೂತರು.

ಮನೆಯ ಹಿರಿಯರು, ಅಕ್ಕನ ಮಾವನ ವರಸೆಯವರು, ವಿಭೂತಿ ಹಿಡಿದು ಪಟದ ಮುಂದೆ ನಿಂತರು. ಕೈ ಮೇಲೆತ್ತಿದರು. ಅಲ್ಲಿಗೇ ನಿಲ್ಲಿಸಿದರು. ಸ್ವಲ್ಪ ಆ ಕಡೆ ತಂದರು, ಈ ಕಡೆ ತಂದರು. ಕೊನೆಗೆ ತಿರುಗಿ ಕೇಳಿದರು:

“ಎಲ್ಲಿಗಿಡ್ಲವ್ವಾ? ಹಣೆನೇ ಬಂದಿಲ್ವಲ್ಲ!”

ಹುಬ್ಬಿನ ಮೇಲಕ್ಕೆ ಪಟ ಮುಗಿದಿತ್ತು. ಪೂಜೆ ನಿಂತುಹೋಯ್ತಲ್ಲ, ಅಪಶಕುನ ಆಯ್ತೇನೋ ಅಂತ ಹೆಂಗಸರು ಮುಖ ಮುಖ ನೋಡಿಕೊಂಡರು. ಅಕ್ಕ ಎದ್ದು ಬಂದರು. ಪಟದ ಮುಂದೆ ನಿಂತು, ತುಂಬಾ ಹೊತ್ತು ಗಂಡನನ್ನ ನೋಡಿದರು. ನಮಗೆಲ್ಲ ಹೆದರಿಕೆ, ಇನ್ನೇನು ಅತ್ತುಬಿಡ್ತಾರೆ ಅಂತ. ಅವರ ಭುಜ ಅಲ್ಲಾಡೋಕೆ ಶುರುವಾಯ್ತು. ಆಮೇಲೆ ಗೊತ್ತಾಯ್ತು, ಅವರು ನಗ್ತಾ ಇದ್ದರು.

“ಮೂಗಿಗೇ ಇಡಿ ಮಾವಾ” ಅಂದರು. “ಬದುಕಿದ್ದಾಗ್ಲೂ ಊರೋರ ವಿಷಯ ಅಂದ್ರೆ ಅದೇ ಮುಂದೆ ಹೋಗ್ತಿತ್ತು.”